ಖೆಡ್ಡದ ಅಟ್ಟಣೆಯ ಮೇಲಿನಿಂದ

ಚುನಾವಣೆಯ ದಿನಗಳಲ್ಲಿ ನಮ್ಮ ಪತ್ರಿಕೆಗಳನ್ನು ತಿರುವಿಹಾಕುವವರಿಗೆ ‘ಖೆಡ್ಡ’ ಎಂಬ ಮಾತು ಹೊಸದಲ್ಲ. ಒಬ್ಬ ಮುಂದಾಳು ಇನ್ನೊಬ್ಬನಿಗೆ ಖೆಡ್ಡ ತೋಡುತ್ತಾನೆ. ಆ ಇನ್ನೊಬ್ಬನು ಕಣ್ಣು ತೆರೆದುಕೊಂಡೇ ಖೆಡ್ಡಕ್ಕೆ ಬೀಳುತ್ತಾನೆ. ಹೀಗೆಂದರೇನು ಎಂದು ತರಗತಿಯಲ್ಲಿ ಒಮ್ಮೆ ಕೇಳಿದೆ. ‘ಗುಂಡಿ ಸಾರ್’ ಎಂದು ಹಿಂದಿನ ಬೆಂಚಿನಿಂದ ಉತ್ತರ ಬಂದಿತು. ಉಳಿದವರೂ ಅದಕ್ಕೆ ತಲೆದೂಗಿದರು. ಉತ್ತರ ತಪ್ಪು. ಆದರೆ ಅದು ವಿದ್ಯಾರ್ಥಿಗಳ ತಪ್ಪಲ್ಲ, ಭಾಷೆಯೇ ಮಾಡಿಕೊಂಡ ಒಂದು ಬೆರಕೆ. ಖೆಡ್ಡ ಉತ್ತರ ದೇಶದ ಶಬ್ದ. ಅಟ್ಟು, ಓಡಿಸು ಎಂಬುದು ಅದರ ಬೇರಿನಲ್ಲಿರುವ ಅರ್ಥ. ಆನೆಯ ಹಿಂಡನ್ನು ಸುತ್ತುವರಿದು, ಸೋವಿ, ಬಲವಾದ ಮರದ ದೊಡ್ಡಿಯೊಳಕ್ಕೆ ಹೊಗಿಸಿ ಬಾಗಿಲು ಬೀಳಿಸುವುದೇ ಖೆಡ್ಡ. ಗುಂಡಿ ತೋಡಿ ಆನೆ ಹಿಡಿಯುವುದು ಅದಕ್ಕಿಂತ ಹಳೆಯ ಪದ್ಧತಿ. ಹೊಸ ಹೆಸರು ಬಂದಾಗ ಕನ್ನಡ ಜನ ಅದನ್ನು ತಮ್ಮ ಹಳೆಯ ಗುಂಡಿಗೇ ಅಂಟಿಸಿಬಿಟ್ಟರು. ಖೆಡ್ಡ ನಿಂತು ಅರ್ಧ ಶತಮಾನಕ್ಕೂ ಮೇಲಾಯಿತು; ಗುಂಡಿ ಮಾತ್ರ ನುಡಿಗಟ್ಟಿನಲ್ಲಿ ಉಳಿದಿದೆ.

ಆ ನಿಜವಾದ ಖೆಡ್ಡದ ವಿಷಯವಾಗಿ ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ. ಕಾರಣವಿಷ್ಟೆ: ಶನಿವಾರ ಬಂದಿತೆಂದರೆ ಬಸವನಗುಡಿಯಿಂದಲೂ ಮಲ್ಲೇಶ್ವರದಿಂದಲೂ ಮೈಸೂರು ರಸ್ತೆ ಹಿಡಿದು ಕಬಿನಿಗೆ, ಬಂಡೀಪುರಕ್ಕೆ, ಬಿಳಿಗಿರಿರಂಗನ ಬೆಟ್ಟಕ್ಕೆ ಹೊರಡುವ ಕುಟುಂಬಗಳು ಈಗ ಬಹಳ. ಆನೆ ಕಂಡಿತೆ, ಹುಲಿ ಕಂಡಿತೆ ಎಂಬುದು ಸೋಮವಾರದ ಕಾಫಿಯ ಜೊತೆಗಿನ ಮಾತು. ಕಾಡಿಗೆ ಹೋಗಿ ಮೃಗಗಳನ್ನು ‘ನೋಡಿ’ ಬರುವ ಈ ವಿನೋದ ನಮ್ಮ ಕಾಲದ್ದೆಂದು ನಾವು ತಿಳಿದಿದ್ದೇವೆ. ಅದಕ್ಕೂ ಒಂದು ಪೂರ್ವಚರಿತ್ರೆಯಿದೆ.

ಮೃಗಯಾವಿನೋದವೆಂಬ ಸಮಾಸವೇ ನಮ್ಮಲ್ಲಿ ಹಳೆಯದು. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಅರಸನ ವಿನೋದಗಳ ಸಾಲಿನಲ್ಲಿ ಆನೆಯಾಟಕ್ಕೂ ಬೇಟೆಗೂ ವಿಸ್ತಾರವಾದ ಸ್ಥಾನ ದೊರೆತಿದೆ. ಅದಕ್ಕಿಂತ ಹಿಂದಿನ ಸಾಕ್ಷಿ ಬೇಕೆಂದರೆ ನಮ್ಮ ಕಸ್ತೂರಬಾ ರಸ್ತೆಯ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿ ಆತಕೂರಿನ ಕಲ್ಲನ್ನು ನೋಡಬೇಕು. 949-50ರ ಕಾಲದ ಶಾಸನ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರನಿಗೆ ರಾಷ್ಟ್ರಕೂಟರ ಮೂರನೆಯ ಕೃಷ್ಣ, ಏನು ಬೇಕೋ ಕೇಳು ಎಂದನಂತೆ. ಅವನು ಊರನ್ನು ಕೇಳಲಿಲ್ಲ, ಹೊನ್ನನ್ನು ಕೇಳಲಿಲ್ಲ; ಅರಸನ ಬೇಟೆನಾಯಿ ‘ಕಾಳಿ’ಯನ್ನು ಕೇಳಿದ. ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಒಂದನ್ನೊಂದು ಕೊಂದುಕೊಂಡು ಸತ್ತುವು. ಆತಕೂರಿನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ನಾಯಿಗೊಂದು ವೀರಗಲ್ಲು! ಕನ್ನಡಿಗರು ಹೆಮ್ಮೆಪಡಬೇಕಾದ ಕಲ್ಲು ಇದು. ಆದರೂ ಅದರ ಮುಂದೆ ನಿಂತಾಗಲೆಲ್ಲ ನನಗೆ ಒಂದು ಯೋಚನೆ ಬರುತ್ತದೆ. ಅರಸನ ಹೆಸರಿದೆ, ಆಳಿನ ಹೆಸರಿದೆ, ನಾಯಿಯ ಹೆಸರೂ ಇದೆ. ಬೇಟೆಯೆಂದ ಮೇಲೆ ಹಳು ಹೊಕ್ಕು ಹಂದಿಯ ಜಾಡು ತೆಗೆದವರು ಯಾರೋ ಇದ್ದೇ ಇರಬೇಕು. ಅವರ ಸುದ್ದಿ ಇಲ್ಲ.

ಇರಲಿ. ಖೆಡ್ಡಕ್ಕೆ ಬರೋಣ.

ಮೈಸೂರು ಸೀಮೆಯಲ್ಲಿ ಖೆಡ್ಡವನ್ನು ನೆಲೆಗೊಳಿಸಿದವನು ಜಿ. ಪಿ. ಸ್ಯಾಂಡರ್ಸನ್ ಎಂಬ ಆಂಗ್ಲ. 1864ರಲ್ಲಿ ಹುಡುಗನಾಗಿ ಮೈಸೂರಿಗೆ ಬಂದು, ಕಾಲುವೆಗಳ ಉಸ್ತುವಾರಿಯ ಕೆಲಸ ಹಿಡಿದು, ಕನ್ನಡ ಕಲಿತು, ಬಿಡುವಾದಾಗಲೆಲ್ಲ ಚಾಮರಾಜನಗರದ ಕಡೆಯ ಕಾಡುಗಳಲ್ಲಿ ತಿರುಗಿದವನು. ಹಿಂಡು ಹಿಂಡಾಗಿ ಆನೆಗಳನ್ನು ಹಿಡಿಯುವೆನೆಂದು ಅವನು ಸರಕಾರಕ್ಕೆ ಹೇಳಿದಾಗ ನಂಬಿದವರು ಕಡಮೆ. ಅಪನಂಬಿಕೆಗೆ ಕಾರಣವೂ ಇತ್ತು. ನೂರು ವರ್ಷ ಹಿಂದೆ ಹೈದರಾಲಿ ಈ ಕೆಲಸಕ್ಕೆ ಕೈಹಾಕಿ ಸೋತು, ಇದು ಯಾರಿಂದಲೂ ಆಗದು, ಮುಂದೆ ಕೈಹಾಕುವವನಿಗೆ ನನ್ನ ಶಾಪವಿರಲಿ ಎಂದು ಕಾಕನಕೋಟೆಯ ಕಾಡಿನಲ್ಲಿ ಕಲ್ಲಿನ ಮೇಲೆ ಬರೆಯಿಸಿದ್ದನಂತೆ. ಹಾಗೆಂದು ಸ್ಯಾಂಡರ್ಸನ್ನನೇ 1878ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಹೇಳುತ್ತಾನೆ. ಹೈದರನ ಶಾಪಕ್ಕೆ ಅಂಜದೆ ಅವನು 1874ರಲ್ಲಿ ಚಾಮರಾಜನಗರದ ಸೀಮೆಯಲ್ಲಿ ಒಂದು ಇಡೀ ಹಿಂಡನ್ನು ದೊಡ್ಡಿಗೆ ಹೊಗಿಸಿದ. ಅಲ್ಲಿಂದ ಮುಂದೆ ಸುಮಾರು ನೂರು ವರ್ಷ ಮೈಸೂರಿನ ಖೆಡ್ಡ ಲೋಕಪ್ರಸಿದ್ಧವಾಯಿತು.

ಮೊದಮೊದಲು ಇದೊಂದು ವ್ಯವಹಾರ. ಬೆಳೆ ತುಳಿಯುವ ಹಿಂಡು ಕಡಮೆಯಾಗುತ್ತದೆ. ಹಿಡಿದ ಆನೆ ಮರದ ದಿಮ್ಮಿ ಎಳೆಯಲು, ಅರಮನೆಗೆ, ದೇವಸ್ಥಾನಕ್ಕೆ ಬರುತ್ತದೆ. ಮಿಕ್ಕವನ್ನು ಹರಾಜು ಹಾಕಿದರೆ ಬೊಕ್ಕಸಕ್ಕೆ ಹಣ. ಆದರೆ ಬಹುಬೇಗ ಅದು ಪ್ರದರ್ಶನವಾಯಿತು. ನಮ್ಮ ಚಾಮರಾಜಪೇಟೆಗೆ ಹೆಸರು ಕೊಟ್ಟ ಹತ್ತನೆಯ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, 1889ರಲ್ಲಿ, ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್ ಬಂದಾಗ ಅವನಿಗಾಗಿ ಖೆಡ್ಡ ಏರ್ಪಟ್ಟಿತು. 1906ರಲ್ಲಿ, ಮುಂದೆ ಐದನೆಯ ಜಾರ್ಜ್ ಆದ ಯುವರಾಜ ಪತ್ನೀಸಮೇತನಾಗಿ ಕಾಕನಕೋಟೆಯ ಸೀಮೆಗೆ ಬಂದ. ಆಮೇಲೆ ವೈಸರಾಯರು, ರಾಜಕುಮಾರರು, ದೇಶವಿದೇಶಗಳ ಅತಿಥಿಗಳು. ದಸರೆಗೆ ಮೈಸೂರು ಹೇಗೋ ಖೆಡ್ಡಕ್ಕೆ ಕಾಕನಕೋಟೆ ಹಾಗೆ ಎಂಬ ಮಾತಾಯಿತು.

ಕಾಕನಕೋಟೆಗೆ ಆ ಹಿರಿಮೆ ಬಂದುದು ಕಪಿಲಾ ನದಿಯಿಂದ. ನಾವೀಗ ಕಬಿನಿ ಎಂದು ಕರೆಯುತ್ತೇವೆ. ಹೆಗ್ಗಡದೇವನಕೋಟೆಯ ದಕ್ಷಿಣದ ಆ ಕಾಡಿನಲ್ಲಿ ಹೊಳೆಯನ್ನೇ ಬಲೆಯ ಒಂದು ಅಂಚಾಗಿ ಬಳಸಿಕೊಂಡದ್ದು ಮೈಸೂರಿನ ವಿಶೇಷ. ವಾರಗಟ್ಟಲೆ ಮುಂಚೆ ಜಾಡು ಬಲ್ಲವರು ಹಿಂಡುಗಳ ಓಡಾಟವನ್ನು ಗಮನಿಸುತ್ತಿದ್ದರು. ಬಳಿಕ ನೂರಾರು ಜನ ಅರ್ಧಚಂದ್ರಾಕಾರವಾಗಿ ಸುತ್ತುಗಟ್ಟಿ, ರಾತ್ರಿಯೆಲ್ಲ ಬೆಂಕಿ ಉರಿಸಿ ಕಾವಲು ಕೂರುತ್ತಿದ್ದರು. ಒಂದು ದಿನ ಅಪ್ಪಣೆಯಾಗುತ್ತಿತ್ತು. ತಮಟೆ, ಕೂಗು, ಬರಿಗುಂಡಿನ ಸದ್ದು. ಕಾಡು ಸೀಳಿಕೊಂಡು ಹಿಂಡು ದಡಕ್ಕೆ ಬಂದು, ಬೇರೆ ದಾರಿಯಿಲ್ಲದೆ ನೀರಿಗಿಳಿಯುತ್ತಿತ್ತು. ತಾಯಿಯ ಪಕ್ಕಕ್ಕೆ ಅಂಟಿಕೊಂಡು ಮರಿಗಳು ಈಜುತ್ತಿದ್ದುವು. ಹಿಂದಿನಿಂದ ಪಳಗಿದ ಕುಮ್ಕಿ ಆನೆಗಳು ಒತ್ತಿಕೊಂಡು ಬರುತ್ತಿದ್ದುವು. ಎದುರು ದಡದಲ್ಲಿ ದೊಡ್ಡಿಯ ಬಾಯಿ. ಕೊನೆಯ ಆನೆ ಒಳಹೊಕ್ಕೊಡನೆ ಹಗ್ಗ ಕಡಿದು ಬಾಗಿಲು ಬೀಳಿಸುತ್ತಿದ್ದರು. ಇಷ್ಟನ್ನೂ ಎತ್ತರವಾದ ಅಟ್ಟಣೆಯ ಮೇಲೆ, ಎಲೆಕೊಂಬೆಗಳ ಮರೆಯಲ್ಲಿ ಕುಳಿತು ಅತಿಥಿಗಳು ನೋಡುತ್ತಿದ್ದರು. ಮಾತನಾಡಕೂಡದು, ಕೆಮ್ಮಕೂಡದು.

ಆಮೇಲಿನದು ಅಷ್ಟು ಚೆಂದದ ನೋಟವಲ್ಲ. ದೊಡ್ಡಿಯೊಳಗೆ ಮಾವುತರು ಕುಮ್ಕಿ ಆನೆಗಳ ಮೇಲೆ ಕುಳಿತು ಒಂದೊಂದನ್ನೇ ಬೇರ್ಪಡಿಸಿ, ಕಾಲಿಗೂ ಕೊರಳಿಗೂ ಹಗ್ಗ ಬಿಗಿಯುತ್ತಿದ್ದರು. ಹಗ್ಗ ಕೊಯ್ದ ಗಾಯ ಕೊಳೆತು, ಮೇವು ಮುಟ್ಟದೆ, ಪಳಗುವ ಮುನ್ನವೇ ಸತ್ತ ಆನೆಗಳು ಹಲವು. ಅದನ್ನು ನೋಡಲು ಅತಿಥಿಗಳು ನಿಲ್ಲುತ್ತಿರಲಿಲ್ಲ.

ನನ್ನ ಸೋದರಮಾವ 1968ರ ಖೆಡ್ಡವನ್ನು ನೋಡಿದವರು. ಆಗ ಅವರಿಗೆ ಇಪ್ಪತ್ತು. ಯಾರ ಮೂಲಕವೋ ಪಾಸು ದೊರಕಿಸಿಕೊಂಡು, ಚಾಮರಾಜಪೇಟೆಯ ನಾಲ್ವರು ಗೆಳೆಯರೊಡನೆ ಬಸ್ಸು ಹತ್ತಿ ಹೋಗಿದ್ದರಂತೆ. ಆನೆಗಳು ಹೊಳೆ ದಾಟಿದ ವರ್ಣನೆಯನ್ನು ಅವರಿಂದ ಎಷ್ಟು ಸಲ ಕೇಳಿದರೂ ನನಗೆ ಬೇಸರವಾದುದಿಲ್ಲ. ಪ್ರತಿ ಸಲವೂ ಹಿಂಡಿನಲ್ಲಿ ಒಂದೆರಡು ಆನೆ ಹೆಚ್ಚಾಗುತ್ತಿದ್ದುದು ನಿಜ. ಒಮ್ಮೆ ಕೇಳಿದೆ: ‘ಮಾವ, ಆನೆ ಓಡಿಸಿದವರು ಹೇಗಿದ್ದರು?’ ಅವರು ಸ್ವಲ್ಪ ಹೊತ್ತು ಯೋಚಿಸಿ, ‘ಅವರೆಲ್ಲಿ ಕಾಣ್ತಾರೋ? ಬರೀ ಸದ್ದು ಕೇಳಿಸ್ತಿತ್ತು’ ಎಂದರು.

ಆ ಸದ್ದು ಮಾಡಿದವರಲ್ಲಿ, ಅದಕ್ಕಿಂತ ಮುಖ್ಯವಾಗಿ ಜಾಡು ಹಿಡಿದವರಲ್ಲಿ, ಜೇನುಕುರುಬರೂ ಕಾಡುಕುರುಬರೂ ಇದ್ದರು. ಮುರಿದ ಬಿದಿರಿನ ತುದಿ ಎಷ್ಟು ಒಣಗಿದೆ, ಲದ್ದಿಯ ಬಿಸುಪು ಎಷ್ಟಿದೆ ಎಂಬುದರಿಂದಲೇ ಹಿಂಡು ಎಲ್ಲಿದೆಯೆಂದು ಹೇಳುವ ವಿದ್ಯೆ ಅವರದು. ಬಿಳಿಗಿರಿರಂಗನ ಬೆಟ್ಟದಲ್ಲಿ ಅದೇ ವಿದ್ಯೆ ಸೋಲಿಗರದು. ಕಾಡಿನಲ್ಲಿ ಅವರ ಚಾತುರ್ಯವನ್ನು ಸ್ಯಾಂಡರ್ಸನ್ ಮನಸಾರೆ ಮೆಚ್ಚಿ ಬರೆದಿದ್ದಾನೆ. ನಮ್ಮ ಸಾಹಿತ್ಯದಲ್ಲಿ ಈ ಜನಕ್ಕೆ ದೊರೆತ ದೊಡ್ಡ ಗೌರವವೆಂದರೆ ಮಾಸ್ತಿಯವರ ‘ಕಾಕನಕೋಟೆ’ ನಾಟಕ. ಕಾಡುಕುರುಬರ ಮುಖಂಡ ಕಾಕನೇ ಅದರ ನಾಯಕ. ಗವಿಪುರದ ಮನೆಯಲ್ಲಿ ಬಾಳಿದ ಮಾಸ್ತಿಯವರು ಕಾಡಿನ ಒಬ್ಬ ಹಿರಿಯನನ್ನು ರಂಗದ ನಡುವೆ ನಿಲ್ಲಿಸಿದ್ದು ಸಣ್ಣ ಸಂಗತಿಯಲ್ಲ. ಸಿ. ಆರ್. ಸಿಂಹ ಅದನ್ನು 1977ರಲ್ಲಿ ಚಲನಚಿತ್ರವಾಗಿಯೂ ಮಾಡಿದರು.

ಚಲನಚಿತ್ರವೆಂದಾಗ ಇನ್ನೊಂದು ನೆನಪಾಗುತ್ತದೆ. ಕಾಡಂಚಿನ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಒಬ್ಬ ಮಾವುತನ ಮಗ, ಸಾಬು. ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದು ಕಿಪ್ಲಿಂಗನ ಕಥೆಯನ್ನು ಚಿತ್ರವಾಗಿಸಿದಾಗ ಈ ಹುಡುಗನೇ ನಾಯಕನಾದ. ‘ಎಲಿಫೆಂಟ್ ಬಾಯ್’ 1937ರಲ್ಲಿ ತೆರೆಗೆ ಬಂದು, ಕಾಕನಕೋಟೆಯ ಆನೆಗಳನ್ನು ಲಂಡನ್ನಿನ ಜನ ಕುರ್ಚಿಯಲ್ಲಿ ಕುಳಿತೇ ನೋಡಿದರು. ಸಾಬು ಇಂಗ್ಲೆಂಡಿಗೆ, ಅಲ್ಲಿಂದ ಅಮೆರಿಕೆಗೆ ಹೋಗಿ, 1963ರಲ್ಲಿ ಕ್ಯಾಲಿಫೋರ್ನಿಯದಲ್ಲಿ ತೀರಿಕೊಂಡ. ಖೆಡ್ಡದ ಕೆಲಸದವರ ಮನೆಯಿಂದ ಬಂದು ಲೋಕಕ್ಕೆ ಹೆಸರು ತಿಳಿದವನು ಬಹುಶಃ ಅವನೊಬ್ಬನೇ.

ಬೇಟೆಯ ಕಥೆ ಖೆಡ್ಡದ ಮಗ್ಗುಲಲ್ಲಿಯೇ ನಡೆಯಿತು. 1901ರಲ್ಲಿ ಮೈಸೂರು ಸಂಸ್ಥಾನ ಬೇಟೆಮೃಗಗಳನ್ನೂ ಮೀನನ್ನೂ ಕಾಯುವ ಒಂದು ಕಾನೂನು ತಂದಿತು. ಉದ್ದೇಶ ಒಳ್ಳೆಯದೇ. ಆದರೆ ಕಾಯ್ದಿರಿಸಿದ್ದು ಯಾರಿಗಾಗಿ ಎಂದು ಕೇಳಿದರೆ, ರೈಫಲು ಹಿಡಿದು ಲೈಸೆನ್ಸು ಪಡೆದು ಬರುವವರಿಗಾಗಿ ಎಂದೇ ಹೇಳಬೇಕು. ಹೊಟ್ಟೆಗಾಗಿ ಉರುಳು ಹಾಕುವವನು ಕಳ್ಳನಾದ, ಗೋಡೆಗಾಗಿ ಗುಂಡು ಹಾರಿಸುವವನು ಶಿಕಾರಿಯಾದ. ಮಲೆನಾಡಿನ ಬೇಟೆಯ ಬಗೆ ಬೇರೆ. ಕುವೆಂಪು ಕಾದಂಬರಿಗಳನ್ನು ಓದಿದವರಿಗೆ ಅದು ಗೊತ್ತು: ಅಲ್ಲಿ ಬೇಟೆ ಅರಮನೆಯದಲ್ಲ, ಮನೆಯದು, ಒಡೆಯನೂ ಆಳೂ ನಾಯಿಯೂ ಒಂದೇ ಹಳುವಿನಲ್ಲಿ ಬೆವರುತ್ತಾರೆ. ಮರಸು, ಈಡು, ಸೋವು, ಬಿಲ್ಲಿಗೆ ನಿಲ್ಲುವುದು ಮುಂತಾದ ಮಾತುಗಳ ಸಂಪತ್ತೆಲ್ಲ ಅಲ್ಲಿಂದ ಬಂದುದು. ಸಫಾರಿಯಿಂದ ಕನ್ನಡಕ್ಕೆ ಬಂದುದು ‘ಸಫಾರಿ’ ಎಂಬ ಒಂದೇ ಮಾತು.

1931ರಲ್ಲಿ ಬಂಡೀಪುರದ 90 ಚದರ ಕಿಲೋಮೀಟರಿನಷ್ಟು ಕಾಡಿನಲ್ಲಿ ಬೇಟೆ ನಿಂತು ಅದು ಅಭಯಾರಣ್ಯವಾಯಿತು. 1941ರಲ್ಲಿ ಅದನ್ನು ವಿಸ್ತರಿಸಿ, ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರಿನಿಂದ ವೇಣುಗೋಪಾಲ ವನ್ಯಮೃಗ ಉದ್ಯಾನವೆಂದು ಕರೆದರು. ಸ್ವತಃ ಬೇಟೆಗಾರರಾಗಿದ್ದ ಜಯಚಾಮರಾಜೇಂದ್ರ ಒಡೆಯರು 1952ರಲ್ಲಿ ಸ್ವತಂತ್ರ ಭಾರತದ ವನ್ಯಜೀವಿ ಮಂಡಳಿಯ ಮೊದಲ ಅಧ್ಯಕ್ಷರಾದರು. ಅದರ ಮೊದಲ ಸಭೆ ಸೇರಿದ್ದೂ ಮೈಸೂರಿನಲ್ಲಿಯೇ. ಇದನ್ನು ಕೆಲವರು ವ್ಯಂಗ್ಯವೆನ್ನುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಮೃಗಗಳು ಎಷ್ಟು ಕಡಮೆಯಾಗಿವೆಯೆಂದು ಆ ದಿನಗಳಲ್ಲಿ ಮೊದಲು ಗೊತ್ತಾದದ್ದು ಬೇಟೆಗಾರನಿಗೇ. ಆಂಡರ್ಸನ್ನನೂ ಹಾಗೆಯೇ ಅಲ್ಲವೆ? ಬೆಂಗಳೂರಿನಲ್ಲಿ ಬಾಳಿ 1974ರಲ್ಲಿ ತೀರಿಕೊಂಡ ಕೆನೆತ್ ಆಂಡರ್ಸನ್ನನ ನರಭಕ್ಷಕಗಳ ಕಥೆಗಳನ್ನು ತೇಜಸ್ವಿಯವರ ಕನ್ನಡದಲ್ಲಿ ಓದದ ಮನೆ ನಮ್ಮ ಬಡಾವಣೆಗಳಲ್ಲಿ ವಿರಳ. ಆ ಪುಸ್ತಕಗಳ ಹೆಸರುಗಳಲ್ಲಿ ಮಾಗಡಿ, ಜಾಲಹಳ್ಳಿ ಎಂಬ ಊರುಗಳನ್ನು ಕಂಡು ಇಂದಿನ ಮಕ್ಕಳು ನಗುತ್ತಾರೆ. ಜಾಲಹಳ್ಳಿಗೆ ಈಗ ಮೆಟ್ರೋ ಹೋಗುತ್ತದೆ.

1970ರಿಂದ ಈಚೆಗೆ ಎಲ್ಲವೂ ವೇಗವಾಗಿ ಬದಲಾಯಿತು. ಆ ವರ್ಷ ದೇಶದಲ್ಲಿ ಹುಲಿಬೇಟೆ ನಿಷಿದ್ಧವಾಯಿತು. 1971ರಲ್ಲಿ ಕಾಕನಕೋಟೆಯಲ್ಲಿ ಕೊನೆಯ ಖೆಡ್ಡ ನಡೆಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ. 1973ರಲ್ಲಿ ಹುಲಿ ಯೋಜನೆ, ಅದರ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. 1974ರಲ್ಲಿ ಬೀಚನಹಳ್ಳಿಯ ಅಣೆಕಟ್ಟು ಮುಗಿದು ಕಬಿನಿಯ ನೀರು ಹಿಂದಕ್ಕೆ ಹರಡಿತು. ಊರುಗಳು ಮುಳುಗಿದುವು, ಕಾಡು ಮುಳುಗಿತು, ಆನೆಗಳು ದಾಟುತ್ತಿದ್ದ ಖೆಡ್ಡದ ಹೊಳೆಯೂ ದೊಡ್ಡಿಯ ಜಾಗವೂ ನೀರಿನಡಿಗೆ ಹೋದುವು. 1955ರಲ್ಲಿ ಕೊಡಗಿನ ಕಡೆ ಅಭಯಾರಣ್ಯವಾಗಿದ್ದ ನಾಗರಹೊಳೆ ಬೆಳೆದು ರಾಷ್ಟ್ರೀಯ ಉದ್ಯಾನವಾದಾಗ ಉಳಿದ ಕಾಕನಕೋಟೆಯ ಕಾಡು ಅದರಲ್ಲಿ ಸೇರಿತು.

ಈ ರಕ್ಷಣೆಯಿಂದ ಕಾಡಿಗೆ ಒಳಿತಾಯಿತೆ? ಆಯಿತು, ಅದನ್ನು ಅಲ್ಲಗಳೆಯುವವನು ನಾನಲ್ಲ. 1980ರ ದಶಕದಿಂದ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ನಡೆಸಿದ ಅಧ್ಯಯನಗಳು, ಕಡವೆ ಜಿಂಕೆ ಕಾಟಿಗಳು ಹೆಚ್ಚಿದಲ್ಲಿ ಹುಲಿಯೂ ಹೆಚ್ಚುತ್ತದೆ ಎಂಬುದನ್ನು ಲೆಕ್ಕವಿಟ್ಟು ತೋರಿಸಿದುವು. ಬಂದೂಕು ದೂರವಾಗದೆ ಇದು ಆಗುತ್ತಿರಲಿಲ್ಲ. ಆದರೆ ಬಂದೂಕಿನೊಡನೆ ದೂರವಾದವರು ಯಾರು? ಹಾಡಿಗಳು ಕಾಡಿನಿಂದ ಹೊರಬಂದುವು. ಕೆಲವರನ್ನು ಎಬ್ಬಿಸಿದರು, ಕೆಲವರು ಶಾಲೆ, ಆಸ್ಪತ್ರೆ, ಹೊಲ ದೊರೆಯುವುದೆಂದು ತಾವೇ ಒಪ್ಪಿ ಬಂದರು, ಒಪ್ಪಿಗೆಯ ಅರ್ಥವೇನೆಂಬುದು ಇಂದಿಗೂ ವಾದದಲ್ಲಿದೆ. ಕಾಡಂಚಿನ ಕಾಫಿತೋಟಗಳ ಲೈನುಮನೆಗಳಲ್ಲಿ ಜೇನುಕುರುಬರ ಕುಟುಂಬಗಳನ್ನು ಈಗಲೂ ನೋಡಬಹುದು.

ಇದೇ ಹೊತ್ತಿನಲ್ಲಿ ನೋಡುವ ವಿನೋದ ಹೊಸ ಹೆಸರಿನಿಂದ ಬಂದಿತು. 1980ರಲ್ಲಿ ರಾಜ್ಯ ಸರಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಹುಟ್ಟಿತು. ಕಾರಾಪುರದಲ್ಲಿ ಖೆಡ್ಡದ ಅತಿಥಿಗಳು ಇಳಿಯುತ್ತಿದ್ದ ಹಳೆಯ ಬೇಟೆ ಬಂಗಲೆಗಳೇ ಪ್ರವಾಸಿಗಳ ಬಿಡಾರವಾದುವು. ಸಾಬು ಹುಟ್ಟಿದ ಅದೇ ಕಾರಾಪುರ. ಒಂದು ದೊಡ್ಡ ಹೋಟೆಲಿನವರು ನಾಗರಹೊಳೆಯ ಒಳಗೇ, ಮೂರ್ಕಲ್ಲಿನಲ್ಲಿ, ವಿಹಾರಧಾಮ ನಡೆಸಲು ಹೊರಟಾಗ ಮಾತ್ರ ಹಾಡಿಯ ಜನ ಎದ್ದುನಿಂತರು. ಸೌದೆ ಆಯ್ದರೆ ಅಪರಾಧ, ಈಜುಕೊಳ ಕಟ್ಟಿದರೆ ಪ್ರವಾಸೋದ್ಯಮವೇ ಎಂಬುದು ಅವರ ಪ್ರಶ್ನೆಯ ಸಾರ. 1997ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಆ ಗುತ್ತಿಗೆ ಕಾನೂನಿಗೆ ವಿರುದ್ಧವೆಂದು ತೀರ್ಪು ಕೊಟ್ಟಿತು. ಕಾಡಿನ ಜನ ಪ್ರಶ್ನೆ ಕೇಳಿ ಗೆದ್ದ ಸಂದರ್ಭಗಳು ನಮ್ಮ ಚರಿತ್ರೆಯಲ್ಲಿ ಹೆಚ್ಚಿಲ್ಲ. ಆದುದರಿಂದ ಇದನ್ನು ದಾಖಲಿಸುವುದು ನನ್ನಂಥ ಮೇಷ್ಟರ ಕರ್ತವ್ಯವೂ ಹೌದು.

ಎರಡು ವರ್ಷದ ಹಿಂದೆ ಹೆಗ್ಗಡದೇವನಕೋಟೆಯ ಕಡೆ ಒಂದು ಹಾಡಿಯಲ್ಲಿ ಎಪ್ಪತ್ತು ದಾಟಿದ ಜೇನುಕುರುಬ ಹಿರಿಯರೊಬ್ಬರೊಡನೆ ಕುಳಿತು ಮಾತನಾಡಿದೆ. 1971ರ ಖೆಡ್ಡದಲ್ಲಿ ತಂದೆಯೊಡನೆ ಕೆಲಸ ಮಾಡಿದ್ದವರು. ಮೇಷ್ಟರ ಅಭ್ಯಾಸ, ಪ್ರಶ್ನೆಗಳನ್ನು ಬರೆದುಕೊಂಡೇ ಹೋಗಿದ್ದೆ.

‘ಅಜ್ಜ, ಖೆಡ್ಡ ನೋಡೋದಕ್ಕೆ ಹೇಗಿತ್ತು?’

‘ನೋಡಾಕೆ ಎಲ್ಲಿ ಸ್ವಾಮಿ ಪುರುಸೊತ್ತು? ಓಡಿಸೋರು ನಾವು. ನೋಡೋರು ನೀವಲ್ವಾ?’

ಅವರ ಮಾತಿನಲ್ಲಿ ಕಹಿಯಿರಲಿಲ್ಲ. ನನ್ನ ಪ್ರಶ್ನೆಯೇ ಅವರಿಗೆ ತಮಾಷೆಯಾಗಿ ತೋರಿತ್ತು. ಆನೆ ನೀರಿಗಿಳಿದುದನ್ನು ಅವರು ಕಂಡಿರಲಿಲ್ಲ. ಸುತ್ತುಗಟ್ಟಿದ ಸಾಲಿನಲ್ಲಿ ಬಹಳ ಹಿಂದೆ, ಬಿದಿರು ಮೆಳೆಯ ಮಧ್ಯೆ ಅವರ ಜಾಗ. ಅವರಿಗೆ ನೆನಪಿದ್ದುದು ರಾತ್ರಿಯ ಬೆಂಕಿ, ಕೊಟ್ಟ ಅಕ್ಕಿ, ಒಬ್ಬ ನೆಂಟನಿಗಾದ ಗಾಯ. ಅವರ ಮೊಮ್ಮಗ ಈಗ ಅರಣ್ಯ ಇಲಾಖೆಯಲ್ಲಿ ದಿನಗೂಲಿಯ ಕಾವಲುಗಾರ. ಹುಲಿಯ ಹೆಜ್ಜೆ ಕಂಡರೆ ಗಂಡೋ ಹೆಣ್ಣೋ ಹೇಳುತ್ತಾನೆ, ‘ನಮ್ಮಪ್ಪ ಹೇಳಿಕೊಟ್ಟದ್ದು’ ಎಂದು ಅಜ್ಜ ಹೆಮ್ಮೆಪಟ್ಟರು. ಆ ಮಾತಿನಲ್ಲಿ ಮೂರು ಕಾಲದ ನೌಕರಿಯಿದೆ: ಸಂಸ್ಥಾನದ್ದು, ಸರಕಾರದ್ದು, ಸಫಾರಿಯದು.

ಬೆಟ್ಟದ ಆಚೆ ಬದಿಯಲ್ಲಿ ಸ್ವಲ್ಪ ಬೇರೆಯ ಬೆಳವಣಿಗೆ. 2006ರ ಅರಣ್ಯ ಹಕ್ಕು ಕಾಯಿದೆಯಂತೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯದ ಹಕ್ಕುಪತ್ರಗಳು ದೊರೆತುವು. ಅದೇ ವರ್ಷ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ಜೇನು, ನೆಲ್ಲಿಕಾಯಿ, ಪಾಚಿ ಕೊಯ್ಯುವ ಹಕ್ಕು, ಕಾಡನ್ನು ನೋಡಿಕೊಳ್ಳುವ ಹೊಣೆ ಎರಡೂ ಅದರಲ್ಲಿ ಸೇರಿವೆ. ಕಾಗದದಲ್ಲಿರುವುದೆಲ್ಲ ನೆಲದ ಮೇಲೆ ಬಂದಿಲ್ಲವೆಂದು ಸೋಲಿಗರು ಹೇಳುತ್ತಾರೆ. ಆದರೂ ಸ್ಯಾಂಡರ್ಸನ್ನನ ಖೆಡ್ಡ ಶುರುವಾದ ಸೀಮೆಯಲ್ಲಿಯೇ ಕಾಡಿನ ಜನರ ಹೆಸರು ಕಾಗದದ ಮೇಲೆ ಬಂದಿದೆ. ಇನ್ನೂ ಹಕ್ಕು ದೊರೆಯದ ನಾಗರಹೊಳೆಯ ಹಾಡಿಗಳವರು ಅದನ್ನೇ ಬೆರಳಿಟ್ಟು ತೋರಿಸುತ್ತಾರೆ.

ಕಬಿನಿಗೆ ಹೋಗುವವರು ಏಪ್ರಿಲ್, ಮೇ ತಿಂಗಳಲ್ಲಿ ಹೋಗುವುದು ಲೇಸು. ಜಲಾಶಯದ ನೀರು ಇಳಿದು, ಬಯಲಾದ ಕೆಸರಿನ ಮೇಲೆ ಹಸುರು ಹುಲ್ಲು ಹುಟ್ಟಿರುತ್ತದೆ. ಮುಳುಗಿ ಸತ್ತ ಮರಗಳ ಬೊಡ್ಡೆಗಳು ಕಪ್ಪಗೆ ನಿಂತಿರುತ್ತವೆ. ಸುತ್ತಣ ಕಾಡೆಲ್ಲ ಒಣಗಿರುವ ಆ ದಿನಗಳಲ್ಲಿ ನೀರಿಗಾಗಿಯೂ ಹುಲ್ಲಿಗಾಗಿಯೂ ಆನೆಗಳು ನೂರಾರು ಸಂಖ್ಯೆಯಲ್ಲಿ ಅಲ್ಲಿಗೆ ಇಳಿದುಬರುತ್ತವೆ. ಹಿಂಡುಗಳು ಒಂದರ ಪಕ್ಕದಲ್ಲಿ ಒಂದು ಮೇಯುತ್ತವೆ. ಸಂಜೆಯಾಗುತ್ತಲೇ ಕೆಲವು ನೀರಿಗಿಳಿದು, ಮರಿಗಳನ್ನು ಪಕ್ಕಕ್ಕೆ ಹಾಕಿಕೊಂಡು, ಆಚೆ ದಡಕ್ಕೆ ಈಜುತ್ತವೆ. ಜೀಪಿನ ಚಾಲಕ ಎಂಜಿನ್ ನಿಲ್ಲಿಸಿ, ಹಿಂದೆ ತಿರುಗಿ, ಮಾತನಾಡಬೇಡಿರೆಂದು ಸನ್ನೆ ಮಾಡುತ್ತಾನೆ.